ಸುಮ್ನೆ ಅನ್ನೋ ಮ್ಯಾಕ್ರೋ

ಲಕ್ಷ್ಮಿದೇವಮ್ಮನವರಿಗೆ ಸಿಟ್ಟು ಬೇಗ ಬರುತ್ತದೆ ಎಂದು ಆಫೀಸಿನವರು ಹೇಳುತ್ತಾರೆ. ತಪ್ಪು. ಬರಬೇಕಾದರೆ ಮೊದಲು ಅದು ಎಲ್ಲಿಗಾದರೂ ಹೋಗಿರಬೇಕಲ್ಲ! ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಜೊತೆ ಮನೆಯೊಳಗೆ ಬಂದ ಸಿಟ್ಟು ಗೇಟಿಗೆ ಬೀಗ ಹಾಕುವವರೆಗೂ ಅವರ ಜೊತೆಗೇ ಓಡಾಡಿಕೊಂಡಿರುತ್ತದೆ. ಇನ್ನು ಗಂಟಲು. ಅವರ ಅಪ್ಪ ಬಿನ್ನಿಪೇಟೆಯ ಹಿಂದಿನ ಓಣಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಆ ಗದ್ದಲದಲ್ಲಿ ನಿಂತು ಎರಡು ಕಿವಿಯೂ ಹೋಗಿದ್ದವು. "ಅಪ್ಪಾ, ಊಟಕ್ಕೆ ಬಾ" ಅನ್ನುವುದನ್ನೂ ನಾಲ್ಕು ಮನೆಗೆ ಕೇಳುವ ಹಾಗೆ ಕೂಗಬೇಕಿತ್ತು. ಹಾಗೆ ಬೆಳೆದ ಗಂಟಲು ಐವತ್ತಾರು ವರ್ಷವಾದರೂ ಇಳಿದಿಲ್ಲ. "ಕಾಫಿ ಆಯ್ತಾ?" ಎಂದು ಕೇಳಿದರೂ ಹೊಸದಾಗಿ ಸೇರಿದವರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ.

ಕೆಲಸ ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನಲ್ಲಿ. ಕೆಳಗೆ ನಿಕ್ಕಲ್ ಪ್ಲೇಟಿಂಗ್, ಅದರ ಮೇಲೆ ರಟ್ಟಿನ ಡಬ್ಬ ಮಾಡುವವರು, ಮೂರನೇ ಮಹಡಿಯಲ್ಲಿ ಇವರ ಕಂಪನಿ. ಒಟ್ಟು ಹದಿನೆಂಟು ಜನ. ಕಾರ್ಖಾನೆ ಯಂತ್ರಗಳ ಒಳಗೆ ಕೂರುವ ಒಂದು ಜಾತಿಯ ಚಿಪ್ಪಿಗೆ ಕಂಪೈಲರ್ ಮಾಡಿಕೊಡುವುದು ಕಸುಬು. ಕಂಪೈಲರ್ ಎಂದರೆ ಗಾಬರಿಯಾಗಬೇಡಿ. ಮನುಷ್ಯರು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಸಣ್ಣ ಸಣ್ಣ ಆಜ್ಞೆಗಳಾಗಿ ಬದಲಾಯಿಸಿಕೊಡುವ ಇನ್ನೊಂದು ಪ್ರೋಗ್ರಾಮು, ಅಷ್ಟೇ. ಅದರ ಮುಕ್ಕಾಲು ಪಾಲು ಲಕ್ಷ್ಮಿದೇವಮ್ಮ ಬರೆದದ್ದು. ಇಪ್ಪತ್ತೊಂಬತ್ತು ವರ್ಷದಿಂದ ಬರೆಯುತ್ತಲೇ ಇದ್ದಾರೆ. ಹೆಸರು ಉದ್ದವಾಯಿತೆಂದು ಹುಡುಗರು ಅವರನ್ನು ಎಲ್‌ಡಿ ಮೇಡಂ ಮಾಡಿದ್ದಾರೆ. ಅದಕ್ಕೂ ಅವರಿಗೆ ಸಿಟ್ಟು. "ನಮ್ಮಮ್ಮ ಐದಕ್ಷರ ಇಟ್ಟಿದ್ದು ನೀವು ಎರಡಕ್ಕೆ ಇಳಿಸ್ಲಿ ಅಂತಲ್ಲ" ಎಂದು ಒಮ್ಮೆ ಗ್ರಹಚಾರ ಬಿಡಿಸಿದ್ದರು. ಹುಡುಗರು ಹೂಂ ಹೂಂ ಎಂದು ತಲೆಯಾಡಿಸಿ, ಮಾರನೇ ದಿನ ಮತ್ತೆ ಎಲ್‌ಡಿ ಮೇಡಂ ಅಂದರು.

ಹೆಸರು ಮೊಟಕು ಮಾಡುವ ಕೆಲಸವನ್ನು ಅವರೇನು ಕಡಿಮೆ ಮಾಡಿದವರಲ್ಲ. ಕಂಪೈಲರ್ ತುಂಬ ಇರುವುದೇ ಮ್ಯಾಕ್ರೋಗಳು. ಬಸವೇಶ್ವರನಗರದ ದರ್ಶಿನಿಗೆ ಹೋಗಿ ಲಕ್ಷ್ಮಿದೇವಮ್ಮ "ಮಾಮೂಲಿ" ಅಂದರೆ ಎರಡು ಇಡ್ಲಿ, ಒಂದು ವಡೆ, ಸಾಂಬಾರು ಬೇರೆ ಬಟ್ಟಲಲ್ಲಿ ಬರುತ್ತದೆ. ಅದೇ ಮಾತು ಪಕ್ಕದ ಟೇಬಲ್ಲಿನವರು ಹೇಳಿದರೆ ಬರೀ ಅರ್ಧ ಕಾಫಿ ಬರುತ್ತದೆ. ಮ್ಯಾಕ್ರೋ ಅನ್ನುವುದೂ ಇಂಥದೇ ಒಂದು ಅಡ್ಡಹೆಸರು. ಒಂದು ಕಡೆ ಅರ್ಥ ಬರೆದಿಟ್ಟರೆ, ಹೆಸರು ಕಂಡ ಕಡೆಯಲ್ಲೆಲ್ಲ ಯಂತ್ರ ಆ ಅರ್ಥವನ್ನು ತಂದು ಕೂರಿಸಿಕೊಳ್ಳುತ್ತದೆ. ಯಾವ ಬೋರ್ಡಿಗೆ, ಅಂದರೆ ಚಿಪ್ಪು ಕೂರಿಸಿದ ಯಾವ ಹಲಗೆಗೆ, ಕಂಪೈಲ್ ಮಾಡುತ್ತೇವೆ ಅನ್ನುವುದರ ಮೇಲೆ ಒಂದೇ ಹೆಸರಿಗೆ ಬೇರೆ ಬೇರೆ ಅರ್ಥವೂ ಇರಬಹುದು. ಅರ್ಥವೇ ಇಲ್ಲದೆ ಖಾಲಿಯೂ ಇರಬಹುದು.

ಎರಡು ವರ್ಷದ ಹಿಂದೆ ಮ್ಯಾನೇಜರ್ ಆಗಿ ಬಂದ ಮಧ್ವೇಶ್ ಈ ಮ್ಯಾಕ್ರೋಗಳ ರಾಶಿ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡ. ನಾಲ್ಕು ಸಾವಿರದ ಮುನ್ನೂರು ಇದ್ದವು. ಎಷ್ಟೋ ಮ್ಯಾಕ್ರೋ ಯಾತಕ್ಕಿದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಬರೆದಿಟ್ಟಿಲ್ಲ. ಕೋಡಿನ ಪಕ್ಕದಲ್ಲಿ ಒಂದು ಸಾಲು ವಿವರಣೆ, ಕಾಮೆಂಟ್ ಅನ್ನುತ್ತಾರೆ ಅದಕ್ಕೆ, ಬರೆಯಿರಿ ಮೇಡಂ ಎಂದು ಯಾರಾದರೂ ಬೇಡಿಕೊಂಡರೆ ಲಕ್ಷ್ಮಿದೇವಮ್ಮ ಒಂದೇ ಮಾತು ಹೇಳುತ್ತಿದ್ದರು. "ಓದಕ್ಕೆ ಬರೋರಿಗೆ ಕಾಮೆಂಟ್ ಯಾಕೆ? ಓದಕ್ಕೆ ಬರ್ದೇ ಇರೋರಿಗೆ ಕೋಡ್ ಯಾಕೆ?" ಈ ಮಾತಿನ ಮೇಲೆ ಅವರಿಗೆ ಬಹಳ ಹೆಮ್ಮೆ.

ಮ್ಯಾಕ್ರೋ ಕ್ಲೀನ್ ಮಾಡುವ ಕೆಲಸ ತನಗೇ ಬರುತ್ತದೆ ಎಂದು ಅವರು ಅಂದುಕೊಂಡಿದ್ದರು. ಬಂದಿದ್ದರೆ ಮಾಡುವುದಿಲ್ಲ ಎಂದು ಜಗಳ ಆಡುತ್ತಿದ್ದರು, ಅದು ಬೇರೆ ಮಾತು. ಆದರೆ ಮಧ್ವೇಶ್ ಅದನ್ನು ತನ್ಮಯಿಗೆ ಕೊಟ್ಟ. ತನ್ಮಯಿ ನಂದಿನಿ ಲೇಔಟಿನ ಹುಡುಗಿ, ಇಪ್ಪತ್ತಾರು ವರ್ಷ, ಕಂಪನಿಗೆ ಬಂದು ಹದಿನೆಂಟು ತಿಂಗಳು. ಚುರುಕು. ಚುರುಕಾಗಿದ್ದದ್ದೇ ಇನ್ನೂ ಉರಿ. ತಾವು ಕಟ್ಟಿದ ಮನೆಯ ಅಟ್ಟ ಗುಡಿಸುವುದಕ್ಕೆ ನಿನ್ನೆ ಬಂದವಳನ್ನು ಹತ್ತಿಸುತ್ತಾರಲ್ಲ! ಲಕ್ಷ್ಮಿದೇವಮ್ಮ ಅವತ್ತಿನಿಂದ ಆ ವಿಷಯದಲ್ಲಿ ಬಾಯಿ ಹೊಲಿದುಕೊಂಡರು. "ಮಾಡ್ಕೊಳ್ಳಿ. ನಂಗೇನು?" ಕ್ಲೀನಿಂಗ್ ಬಗ್ಗೆ ಬಂದ ಮೇಲ್‌ಗಳಿಗೆಲ್ಲ ಎರಡಕ್ಷರದ ಉತ್ತರ, ಓಕೆ. ಊಟದ ಡಬ್ಬಿಯನ್ನೂ ಒಬ್ಬರೇ ಕೂತು ಬಿಚ್ಚಿದರು. ಎರಡು ವಾರ ಹೀಗೆ ನಡೆಯಿತು.

ಸೋಮವಾರ ಹನ್ನೊಂದು ಗಂಟೆಗೆ ಮೀಟಿಂಗ್ ರೂಮಿಗೆ ಬನ್ನಿ ಎಂದು ಕರೆ ಬಂತು. ಹೋದರೆ ಕೇಕು! ಕ್ಲೀನಿಂಗ್ ಮುಗಿದ ಸಂಭ್ರಮ. ನಾಲ್ಕು ಸಾವಿರದ ಮುನ್ನೂರು ಇದ್ದದ್ದು ಒಂದು ಸಾವಿರದ ಒಂಬೈನೂರಕ್ಕೆ ಇಳಿದಿದೆ, ಶುಕ್ರವಾರವೇ ಹೊಸ ಕಂಪೈಲರ್ ಗಿರಾಕಿಗಳಿಗೆ ಹೋಗಿದೆ ಎಂದು ಮಧ್ವೇಶ್ ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ಹೊಡೆದರು. ಲಕ್ಷ್ಮಿದೇವಮ್ಮ ಬಾಗಿಲ ಹತ್ತಿರದ ಕುರ್ಚಿ ಹಿಡಿದು, ಕೇಕಿನ ತಟ್ಟೆ ತೊಡೆ ಮೇಲಿಟ್ಟುಕೊಂಡು, ಮುಟ್ಟದೆ ಕೂತರು.

"ಕೊನೇದಾಗಿ ಒಂದು ತಮಾಷೆ ಸ್ಲೈಡ್" ಎಂದಳು ತನ್ಮಯಿ. "ನಾವು ಎಸೆದ ಮ್ಯಾಕ್ರೋಗಳ ಹೆಸರು. ಹೆಂಗೋ. ಆಮೇಲೆ. ನೋಡಣ."

ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಮಾತುಗಳು. ರೂಮು ನಗುವುದಕ್ಕೆ ಶುರು ಮಾಡಿತು. ಲಕ್ಷ್ಮಿದೇವಮ್ಮನ ಕಿವಿ ಬಿಸಿಯಾಯಿತು. ಆ ಹೆಸರೆಲ್ಲ ಅವರೇ ಇಟ್ಟದ್ದು. ಆ ಕಾಲಕ್ಕೆ ಇಂಗ್ಲಿಷಿನ ಒಳ್ಳೊಳ್ಳೆ ಹೆಸರನ್ನೆಲ್ಲ ಕೋಡಿನಲ್ಲಿ ಯಾರೋ ಆಗಲೇ ಬಳಸಿ ಮುಗಿಸಿದ್ದರು. ಒಂದೇ ಹೆಸರು ಎರಡು ಸಲ ಬಂದರೆ ಯಂತ್ರ ಮುನಿಸಿಕೊಳ್ಳುತ್ತದೆ. ಅದಕ್ಕೇ ಇವರು ಬಾಯಿಗೆ ಬಂದ ಕನ್ನಡ ಇಟ್ಟಿದ್ದರು. ಹಲ್ಲು ಕಿಸಿಯಲಿ, ಕಿಸಿದು ಸಾಯಲಿ ಎಂದು ಅವರು ಗೋಡೆ ನೋಡುತ್ತ ಕೂತರು.

"ಇದು ನನ್ನ ಫೇವರಿಟ್" ಎಂದು ತನ್ಮಯಿ ಮುಂದಿನ ಹೆಸರು ತೋರಿಸಿದಳು. ಎಸ್, ಯು, ಎಂ, ಎನ್, ಇ. "ಸುಮ್ನೆ! ಹೆಸರೂ ಸುಮ್ನೆ, ಒಳಗೂ ಖಾಲಿ. ಇನ್ನೂರ ಹದಿನೇಳು ಕಡೆ ಇತ್ತು ಗೊತ್ತಾ? ಸುಮ್ನೆ, ಸುಮ್ನೆ, ಸುಮ್ನೆ. ಅಷ್ಟೂ ತೆಗೆದೆ. ಎಲ್ಲಾ ಟೆಸ್ಟೂ ಪಾಸ್."

ಹಿಂದಿನ ಸಾಲಿನಿಂದ ಯಾರೋ "ಸುಮ್ನೆ ಬರೆದಿದ್ದಾರೆ ಗುರು!" ಎಂದು ಕೂಗಿದರು. ಮಧ್ವೇಶ್ ಕಣ್ಣೊರೆಸಿಕೊಂಡು ನಕ್ಕ. ಲಕ್ಷ್ಮಿದೇವಮ್ಮ ಎದ್ದ ರಭಸಕ್ಕೆ ಕೇಕಿನ ತಟ್ಟೆ ನೆಲಕ್ಕೆ ಬಿತ್ತು.

"ಪ್ರೆಸ್ ಬೋರ್ಡಿಂದು ನೋಡಿದ್ಯಾ?"

"ಯಾವ ಬೋರ್ಡ್ ಮೇಡಂ?"

"ಹಳೇ ಪವರ್ ಪ್ರೆಸ್ ಬೋರ್ಡು ಕಣೇ! ಅದ್ರ ಫೈಲಲ್ಲಿ ಸುಮ್ನೆ ಖಾಲಿ ಅಲ್ಲ. ಅಲ್ಲಿ ಅದಕ್ಕೆ ಬೇರೆ ಅರ್ಥ ಇದೆ."

ತನ್ಮಯಿಯ ಮುಖದ ನಗು ಅರ್ಧಕ್ಕೆ ನಿಂತಿತು. "ಅದು... ಆ ಫೈಲಲ್ಲೂ ಒಂದಿತ್ತು ಮೇಡಂ. ಆದ್ರೆ ಯಾರೂ ಯೂಸ್ ಮಾಡ್ತಿಲ್ಲ ಅಂತ ಟೂಲ್ ತೋರಿಸ್ತು."

"ಯಾವಾಗ ತೋರಿಸ್ತು? ಇನ್ನೂರ ಹದಿನೇಳು ಕಡೆಯಿಂದ ನೀನು ಕಿತ್ತಾಕಿದ್ಮೇಲೆ ತಾನೆ?"

"ಹೌದು."

"ಬಾವಿ ಹಗ್ಗ ನೀನೇ ಕತ್ತರಿಸಿ, ಆಮೇಲೆ ಬಿಂದಿಗೆ ಯಾರಿಗೂ ಬೇಡ ಅಂತ ಅದನ್ನೂ ಎಸೆದ್ಯಲ್ಲೇ! ಅದು 'ಸುಮ್ನೆ ಇಟ್ಟಿರೋದು' ಅಂತ ಅಲ್ಲ. 'ಸುಮ್ನಿರು' ಅಂತ! ಎರಡು ಗಳಿಗೆ ಸುಮ್ನಿರು ಅಂತ ಚಿಪ್ಪಿಗೆ ಹೇಳೋದು ಅದು!"

ಅಯ್ಯೋ, ಕನ್ನಡ ಬಾರದ ಯಾರಾದರೂ ಆ ಕೆಲಸ ಮಾಡಿದ್ದರೆ ಇದೇನು ಎಂದು ಕೇಳಿಕೊಂಡಾದರೂ ಬರುತ್ತಿದ್ದರು. ತನ್ಮಯಿಗೆ ಕನ್ನಡ ಬರುತ್ತಿತ್ತು. ಅದೇ ಎಡವಟ್ಟಾಯಿತು.

ಆ ಹೆಸರು ಬಂದ ಕತೆ ಆ ರೂಮಿನಲ್ಲಿ ಲಕ್ಷ್ಮಿದೇವಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಿಂತಲ್ಲೇ ಹೇಳಿದರು. ಇಪ್ಪತ್ತೊಂದು ವರ್ಷದ ಹಿಂದೆ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ಸು ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತಿದೆ ಎಂದು ದೂರು ಬಂದಿತ್ತು. ತಗಡನ್ನು ಅಚ್ಚಿನ ಮೇಲಿಟ್ಟು, ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಅಷ್ಟು ದಪ್ಪದ ಕಬ್ಬಿಣ ಮೇಲಿಂದ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಅಚ್ಚಿನೊಳಗೆ ಕೈ ಇರುವುದಿಲ್ಲ, ಅದೇ ಅದರ ಲೆಕ್ಕ. ಆದರೆ ಚಿಪ್ಪು ಆತುರಗೇಡಿ. ಪ್ರೆಸ್ಸು ಇಳಿಸಿದ ತಕ್ಷಣ ಬಟನ್ ಕಡೆ ತಿರುಗಿ ನೋಡುತ್ತಿತ್ತು. ಆಗಿನ್ನೂ ಹಳೆಯ ಒತ್ತೇ ಅದಕ್ಕೆ ಕಾಣಿಸುತ್ತಿತ್ತು. ಇನ್ನೊಂದು ಸಲ ಒತ್ತಿದರು ಎಂದುಕೊಂಡು ಮತ್ತೆ ಇಳಿಸಿಬಿಡುತ್ತಿತ್ತು. ಅಷ್ಟರಲ್ಲಿ ಕೆಲಸದವನ ಕೈ ತಗಡು ತೆಗೆಯಲು ಒಳಗೆ ಹೋಗಿರುತ್ತಿತ್ತು.

ಲಕ್ಷ್ಮಿದೇವಮ್ಮ ನೋಡಲು ಹೋದಾಗ ಪ್ರೆಸ್ಸಿನ ಪಕ್ಕದಲ್ಲಿ ಕೊಟ್ರಪ್ಪ ಎಡಗೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ. ಹರಪನಹಳ್ಳಿ ಕಡೆಯವನು, ಆಗ ಮೂವತ್ತು ವರ್ಷ. ಎರಡು ಬೆರಳು ಹೋಗಿ ಹದಿನೈದು ದಿನವಾಗಿತ್ತು. "ಒತ್ತಿದ ಮ್ಯಾಲೆ ಒಂದು ಗಳಿಗಿ ಸುಮ್ನ ಇರಬೇಕ್ರೀ ಅಕ್ಕಾರ" ಎಂದಿದ್ದ. "ಇದಕ್ಕ ಸುಮ್ನ ಇರಾಕ ಬರಂಗಿಲ್ಲ." ಅವರು ವಾಪಸು ಬಂದು ಆರು ದಿನ ಕೂತು, ಆ ಬೋರ್ಡಿಗೆ ಮಾತ್ರ ಎರಡು ಗಳಿಗೆ, ಅಂದರೆ ಚಿಪ್ಪಿನ ಗಡಿಯಾರದ ಎರಡು ಬಡಿತ, ಏನೂ ಮಾಡದೆ ಕಾಯುವ ಆಜ್ಞೆ ಸೇರಿಸಿದರು. ಬೇರೆ ಬೋರ್ಡುಗಳಿಗೆ ಅದು ಬೇಕಿಲ್ಲ, ಅದಕ್ಕೇ ಅಲ್ಲಿ ಖಾಲಿ. ಹೆಸರಿಗೆ ಹುಡುಕಬೇಕಾಗಲೇ ಇಲ್ಲ, ಕೊಟ್ರಪ್ಪನ ಮಾತೇ ಬಾಯಲ್ಲಿತ್ತು. ಒಂದು ಸಾಲು ಕಾಮೆಂಟ್ ಮಾತ್ರ ಬರೆಯಲಿಲ್ಲ.

"ಆ ಬೋರ್ಡು ಎಲ್ಲೂ ಇಲ್ಲ ಅಂದುಕೊಂಡಿದ್ದೆ" ಎಂದ ಮಧ್ವೇಶ್, ಮುಖ ಬಿಳಿಚಿಕೊಂಡು. ಇವರ ಲ್ಯಾಬಿನಲ್ಲಿದ್ದ ಒಂದೇ ಒಂದನ್ನು ಹೋದ ವರ್ಷ ಆಯುಧಪೂಜೆಗೆ ಕ್ಲೀನ್ ಮಾಡುವಾಗ ಗುಜರಿಗೆ ಹಾಕಿದ್ದರು. ಟೆಸ್ಟು ಪಾಸಾಗದೆ ಏನು ಮಾಡುತ್ತದೆ, ಇಲ್ಲದ ಬೋರ್ಡಿನ ಮೇಲೆ? ಅವನು ಫೋನು ತೆಗೆದು ಮೇಲ್ ಹುಡುಕಿದ. "ಅದೇ ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್. ಎಷ್ಟು ಪೀಸ್ ಆಯ್ತು ಅಂತ ತೋರಿಸೋ ಹೊಸ ಡಿಸ್ಪ್ಲೇ ಕೇಳಿದ್ರಂತೆ. ಅವರ ಬೋರ್ಡಿಗೆ ಪ್ರೋಗ್ರಾಮ್ ಬರೆಯೋ ನಮ್ಮ ಗಿರಾಕಿ ಹೊಸ ಕಂಪೈಲರ್‌ನಲ್ಲಿ ಮಾಡಿ ಶನಿವಾರ ಲೋಡ್ ಮಾಡಿದ್ದಾರೆ. ಇವತ್ತು ಬೆಳಿಗ್ಗೆಯಿಂದ ಓಡ್ತಿರುತ್ತೆ."

ಲಕ್ಷ್ಮಿದೇವಮ್ಮ ಇವತ್ತಿಗೂ ಅದೇ ಪ್ರೆಸ್ಸಿಗೆ ಕೂರುವ ಕೊಟ್ರಪ್ಪನ ನಂಬರಿಗೆ ಹೊಡೆದರು. ಪೂರ್ತಿ ರಿಂಗಾಗಿ ಕಟ್ಟಾಯಿತು. ಇನ್ನೊಮ್ಮೆಯೂ ಹಾಗೇ. ಆ ಶೆಡ್ಡಿನಲ್ಲಿ ಎಲ್ಲರ ಫೋನೂ ಬೀರುವಿನಲ್ಲಿ ಇಟ್ಟು ಕೆಲಸಕ್ಕೆ ಕೂರಬೇಕು. ವರ್ಕ್‌ಶಾಪ್ ಮಾಲೀಕರ ಫೋನು ಸ್ವಿಚ್ ಆಫ್ ಆಗಿತ್ತು.

"ಹೊಡೀತಾನೇ ಇರು" ಎಂದು ಮಧ್ವೇಶನಿಗೆ ಹೇಳಿ ಅವರು ಸ್ಕೂಟರ್ ಕೀ ತಗೊಂಡು ಮೆಟ್ಟಿಲಿಳಿದರು. ತನ್ಮಯಿ ಹಿಂದೆಯೇ ಓಡಿಬಂದಳು. ಬಾ ಎಂದು ಯಾರೂ ಕರೆದಿರಲಿಲ್ಲ. ಬಂದು ಹಿಂದೆ ಕೂತಳು.

ಶಂಕರಮಠ ದಾಟುವವರೆಗೂ ಲಕ್ಷ್ಮಿದೇವಮ್ಮ ಬೈದರು. ಬೈದರು ಅಂದರೆ ಅಂತಿಂಥದಲ್ಲ, ಪಕ್ಕದ ಆಟೋದವನು ಮೀಟರ್ ಬಿಟ್ಟು ಇವರನ್ನೇ ನೋಡುತ್ತಿದ್ದ. "ಕೇಕ್ ಕತ್ತರಿಸ್ತಾರಂತೆ ಕೇಕು! ಅಲ್ಲಿ ಕೈ ಕತ್ತರಿಸ್ತಿರುತ್ತೆ! ಅರ್ಥ ಆಗ್ದೇ ಇದ್ರೆ ಕೇಳಕ್ಕೆ ಏನು ಧಾಡಿ ನಿಂಗೆ? ಬಾಯಲ್ಲಿ ಏನಿಟ್ಕೊಂಡಿದ್ದೆ? ಎದ್ದು ನಾಲ್ಕು ಹೆಜ್ಜೆ ಬಂದಿದ್ರೆ ನನ್ನ ಟೇಬಲ್ಲು. ಓದಿದ್ದೀಯಂತೆ, ಚಿನ್ನದ ಪದಕವಂತೆ. ಒಂದು ಮಾತು ಕೇಳಕ್ಕೆ ಆಗ್ಲಿಲ್ವಲ್ಲೇ!" ತನ್ಮಯಿ ಹಿಂದೆ ಕಂಬಿ ಹಿಡಿದುಕೊಂಡು ಕೂತಿದ್ದಳು.

ಹಾವನೂರು ಸರ್ಕಲ್ಲಿನ ಸಿಗ್ನಲ್ ಕೆಂಪಾಯಿತು. ನೂರಿಪ್ಪತ್ತು ಸೆಕೆಂಡು. ಲಕ್ಷ್ಮಿದೇವಮ್ಮ ಹಾರ್ನಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಮುಂದಿದ್ದ ಡೆಲಿವರಿ ಬೈಕಿನವನು ತಿರುಗಿ, "ಆಂಟಿ, ಹಾರಿ ಹೋಗ್ಲಾ?" ಎಂದ. ಆಗ ಹಿಂದಿನಿಂದ ತನ್ಮಯಿ ಮಾತಾಡಿದಳು.

"ಕೇಳಿದ್ದೆ ಮೇಡಂ."

"ಏನು ಕೇಳಿದ್ದೆ?"

"ನಿಮ್ಮನ್ನೇ ಕೇಳಿದ್ದೆ. ಆ ಬದಲಾವಣೆ ರಿವ್ಯೂಗೆ ಬಂದಿದ್ದು ನಿಮಗೆ. ಸುಮ್ನೆ ಅನ್ನೋ ಸಾಲಿನ ಪಕ್ಕದಲ್ಲೇ ಬರ್ದಿದ್ದೆ, 'ಮೇಡಂ, ಇದು ಸುಮ್ನೆ ಇರೋದು ತಾನೆ? ತೆಗೀಬಹುದಾ?' ಅಂತ. ನಾಲ್ಕು ದಿನ ಕಾದೆ. ಆಮೇಲೆ ನಿಮ್ಮಿಂದ ಅಪ್ರೂವ್ ಬಂತು. ಓಕೆ ಅಂತ ಬರ್ದಿದ್ರಿ."

ಒಬ್ಬರು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಓದಿ, ಸರಿಯಿದೆ ಎಂದು ಗುಂಡಿ ಒತ್ತಿದ ಮೇಲೇ ಅದು ಕಂಪೈಲರಿನೊಳಗೆ ಸೇರುವುದು. ಆ ನಿಯಮವನ್ನು ಕಂಪನಿಗೆ ತಂದವರು ಸಾಕ್ಷಾತ್ ಲಕ್ಷ್ಮಿದೇವಮ್ಮ. ಅವರಿಗೆ ಆ ದಿನ ನೆನಪಾಯಿತು. ಊಟವಾದ ಮೇಲೆ ಮೇಲ್ ತೆಗೆದಿದ್ದರು. ಕ್ಲೀನಿಂಗ್, ತನ್ಮಯಿ ಎಂದು ಕಂಡಿತ್ತು. ಮುನ್ನೂರು ಚಿಲ್ಲರೆ ಫೈಲು. ಮೈಯೆಲ್ಲ ಉರಿದುಹೋಗಿತ್ತು. ನನ್ನ ಕೇಳಿ ಶುರು ಮಾಡಿದ್ರಾ, ಈಗ ಯಾಕೆ ಕೇಳ್ತೀರಾ ಎಂದುಕೊಂಡು, ಒಂದು ಫೈಲನ್ನೂ ತೆರೆಯದೆ ಗುಂಡಿ ಒತ್ತಿದ್ದರು.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಅಲ್ಲಿಂದ ಕಾಮಾಕ್ಷಿಪಾಳ್ಯದವರೆಗೆ ಲಕ್ಷ್ಮಿದೇವಮ್ಮ ತುಟಿ ಬಿಚ್ಚಲಿಲ್ಲ. ಸಿಟ್ಟು ಹೋಗಿರಲಿಲ್ಲ. ಯಾರ ಮೇಲೆ ಹಾಕಬೇಕು ಎಂದು ತಿಳಿಯುತ್ತಿರಲಿಲ್ಲ.

ವರ್ಕ್‌ಶಾಪಿನ ಓಣಿ ಎಂದಿನ ಹಾಗೆ ಕುಟ್ಟುತ್ತ, ಕೊರೆಯುತ್ತ, ಕಿಡಿ ಹಾರಿಸುತ್ತ ಇತ್ತು. ಆದರೆ ಆ ಒಂದು ಶೆಡ್ಡಿನಿಂದ ಸದ್ದಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಎಷ್ಟೋ ಸಲ ಬಂದಿದ್ದಾರೆ, ಹಗಲು ಹೊತ್ತಿನಲ್ಲಿ ಆ ಪ್ರೆಸ್ಸು ನಿಂತದ್ದು ಅವರು ಕಂಡಿರಲಿಲ್ಲ. ಲಕ್ಷ್ಮಿದೇವಮ್ಮ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದಕ್ಕೂ ನಿಲ್ಲಲಿಲ್ಲ. ತನ್ಮಯಿ ಅದನ್ನು ಹಿಡಿದುಕೊಂಡಳು, ಇವರು ಓಡಿದರು.

ಒಳಗೆ ಐದಾರು ಜನ ಗುಂಪಾಗಿ ನಿಂತಿದ್ದರು. ನಡುವೆ ಆಯಿಲ್ ಡ್ರಮ್ಮಿನ ಮೇಲೆ ಕೊಟ್ರಪ್ಪ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಲಕ್ಷ್ಮಿದೇವಮ್ಮ ಅವನ ಮುಖ ನೋಡಲಿಲ್ಲ, ಮೊದಲು ಕೈ ನೋಡಿದರು. ಬಲಗೈಯಲ್ಲಿ ಐದು. ಎಡಗೈಯಲ್ಲಿ ಮೂರು. ಎಂಟು ಬೆರಳೂ ಇದ್ದವು. ಅವರು ಇನ್ನೊಂದು ಸಲ ಎಣಿಸಿದರು.

ಕೊಟ್ರಪ್ಪ ಎದ್ದು ಬಂದು ಅವರ ಕೈಗೆ ಒಂದು ಇಕ್ಕಳ ಕೊಟ್ಟ. ಅದರ ಬಾಯಿ ತಗಡಿನ ಹಾಗೆ ಚಪ್ಪಟೆಯಾಗಿತ್ತು.

"ಮುಂಜಾನಿ ನಾಕು ಪೀಸ್ ಚಲೋ ಬಂದ್ವು" ಎಂದ. "ಐದನೇದು ತಗಿಯಾಕ ಇಕ್ಕಳ ಒಳಗ ಹಾಕಿದೆ. ನನ್ನ ಕೈ ಬಟನ್ ಮ್ಯಾಲೆ ಇರಲೇ ಇಲ್ಲ. ದಪ್ ಅಂತ ಇನ್ನೊಮ್ಮಿ ಬಿತ್ತು. ಅವತ್ತಿಂದ ನಾ ಇಕ್ಕಳ ಬಿಟ್ಟು ಕೈ ಹಾಕಂಗಿಲ್ಲ, ಅದಕ್ಕ ಉಳಕೊಂಡೆ. ಮಧ್ಯಾಹ್ನ ಎರಡಕ್ಕ ಈ ಪ್ರೆಸ್ಸಿಗೆ ದಾನಮ್ಮ ಕುಂದರಾಕಿ ಇದ್ಲು. ಆಕಿ ಬರೀ ಕೈಲೇ ತಗೀತಾಳ."

ಅವನು ಗೋಡೆ ಕಡೆ ಗಲ್ಲ ಎತ್ತಿ ತೋರಿಸಿದ. ಹಸಿರು ಬಳೆಯ ಹೆಂಗಸೊಬ್ಬಳು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು.

"ನಿಮ್ಮ ಮಿಷನ್ನು ಇಪ್ಪತ್ತು ವರ್ಷ ಸುಮ್ನ ಇತ್ತಲ್ರೀ ಅಕ್ಕಾರ. ಈಗ ಯಾರು ಹೇಳಿದ್ರು ಅದಕ್ಕ, ಸುಮ್ನ ಇರಬ್ಯಾಡ ಅಂತ?"

ಅಷ್ಟರಲ್ಲಿ ಒಳಗೆ ಬಂದಿದ್ದ ತನ್ಮಯಿ ಬಾಯಿ ತೆರೆದಳು. ಲಕ್ಷ್ಮಿದೇವಮ್ಮ ಅವಳ ಭುಜ ಹಿಡಿದು ಹಿಂದಕ್ಕೆ ಸರಿಸಿದರು.

"ನಾನು" ಎಂದರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದು ಅದೇ ಮೊದಲು. "ಇವಳು ತೆಗೀಲಾ ಅಂತ ಕೇಳಿದ್ಲು. ನಾನು ಓದದೇನೇ ಹೂಂ ಅಂದ್ಬಿಟ್ಟೆ ಕೊಟ್ರಪ್ಪ."

"ಓದದ ಹೂಂ ಅಂದ್ರಿ?"

"ಹೂಂ. ಸಿಟ್ಟಲ್ಲಿದ್ದೆ."

"ಸಿಟ್ಟು!" ಕೊಟ್ರಪ್ಪ ಎರಡು ಹೆಜ್ಜೆ ಮುಂದೆ ಬಂದ. "ನಿಮಗ ಒಬ್ಬರಿಗೇ ಏನ್ರೀ ಸಿಟ್ಟು ಇರೂದು? ನಿಮ್ಮ ಹೂಂ ಮ್ಯಾಲೆ ನಂಬಿಕಿ ಇಟ್ಟು ಇಲ್ಲಿ ನಾವು ಕೈ ಇಡತೀವಿ. ನೀವು ಮ್ಯಾಲೆ ಕುಂತು, ಮಾರಿ ಉಬ್ಬಿಸಿಕೊಂಡು, ನೋಡದ ಹೂಂ ಅಂತೀರಿ. ಈ ಎರಡು ಬೆರಳು ಹೋದಾಗ ನೀವ ಬಂದು, ಇಲ್ಲೇ ನಿಂತು, ಇನ್ನ ಹಿಂಗ ಆಗಂಗಿಲ್ಲ ಅಂದಿದ್ರಿ. ನಾ ನಿಮ್ಮನ್ನ ನಂಬಿದ್ದೆ, ಮಿಷನ್ನ ನಂಬಿರಲಿಲ್ಲ. ಉಲ್ಟಾ ಮಾಡಬೇಕಿತ್ತು ನಾ."

ಇನ್ನೂ ಬೈದ. ಹೆಂಡತಿ, ಮಗಳ ಓದು, ಹೋದ ಬೆರಳಿಗೆ ಚಳಿಗಾಲದಲ್ಲಿ ಬರುವ ನೋವು, ಎಲ್ಲ ಬಂತು. ಓಣಿಯ ಪಕ್ಕದ ಶೆಡ್ಡಿನವರು ಬಂದು ಬಾಗಿಲಲ್ಲಿ ನಿಂತರು. ಯಾರ ಒಂದು ಮಾತಿಗೂ ಹತ್ತು ಮಾತು ಬಿಸಾಡುವ ಲಕ್ಷ್ಮಿದೇವಮ್ಮ, ಚಪ್ಪಟೆ ಇಕ್ಕಳ ಕೈಯಲ್ಲಿ ಹಿಡಿದುಕೊಂಡು, ಅವನು ಮುಗಿಸುವವರೆಗೂ ಸುಮ್ಮನೆ ನಿಂತಿದ್ದರು. ಅವನು ಕ್ಷಮಿಸಿದೆ ಎಂದು ಹೇಳಲಿಲ್ಲ. ಇವರೂ ಕೇಳಲಿಲ್ಲ. ಬೋರ್ಡು ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡು, ತಾವೇ ಬಂದು ಹಾಕುವವರೆಗೆ ಯಾರೂ ಪ್ರೆಸ್ಸು ಮುಟ್ಟಬಾರದೆಂದು ಹೇಳಿ ಹೊರಟರು. ಇಕ್ಕಳವನ್ನು ಅವನು ವಾಪಸು ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಆಫೀಸಿನಲ್ಲಿ ಲಕ್ಷ್ಮಿದೇವಮ್ಮ ತೆಗೆದಿದ್ದ ಸುಮ್ನೆಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ತಂದರು. ಇನ್ನೂರ ಹದಿನೇಳು ಕಡೆ. ಮೀಟಿಂಗ್ ರೂಮಿನ ನೆಲದಿಂದ ಕೇಕನ್ನು ಯಾರೋ ಒರೆಸಿದ್ದರು. ಮಧ್ವೇಶ್ ಗಿರಾಕಿಗಳಿಗೆಲ್ಲ ಹೊಸ ಕಂಪೈಲರ್ ಬಳಸಬೇಡಿ ಎಂದು ಮೇಲ್ ಬರೆಯುತ್ತ ಕೂತಿದ್ದ. ಇವರು ಹಳೇ ಬೋರ್ಡಿನ ಫೈಲು ತೆರೆದು, ಸುಮ್ನೆ ಎಂಬ ಹೆಸರಿನ ಮೇಲೆ, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ಒಂದು ಕಾಮೆಂಟ್ ಬರೆದರು. ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದರು. 'ಇದು ಸುಮ್ಮನೆ ಇಟ್ಟದ್ದಲ್ಲ. ಸುಮ್ಮನಿರು ಎಂದು. ತೆಗೆದರೆ ಪ್ರೆಸ್ಸು ಎರಡು ಸಲ ಬಿದ್ದು ಕೈ ಹೋಗುತ್ತದೆ. ಕಾಮಾಕ್ಷಿಪಾಳ್ಯದ ಕೊಟ್ರಪ್ಪನವರಿಗೆ ಎರಡು ಬೆರಳು ಹೋಗಿವೆ.' ರಿವ್ಯೂಗೆ ಯಾರ ಹೆಸರು ಎಂದು ಯಂತ್ರ ಕೇಳಿತು. ತನ್ಮಯಿ ಎಂದು ಹಾಕಿದರು.

ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಒಂದು ಗುಂಡಿ ಒತ್ತುವುದಕ್ಕೆ ಇಷ್ಟು ಹೊತ್ತೇ? ಲಕ್ಷ್ಮಿದೇವಮ್ಮ ಎದ್ದು ಆ ನಾಲ್ಕು ಹೆಜ್ಜೆ ನಡೆದು ಅವಳ ಟೇಬಲ್ಲಿಗೆ ಹೋದರು.

"ಏನೇ ಮಾಡ್ತಿದ್ದೀಯ?"

"ಓದ್ತಿದ್ದೀನಿ ಮೇಡಂ. ನೂರಾ ಹನ್ನೊಂದು ಆಯ್ತು."

"ನಾನೇ ಹಾಕಿರೋದಲ್ವೇನೇ? ಅಪ್ರೂವ್ ಒತ್ತು."

ತನ್ಮಯಿ ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದಳು. ಆದರೂ ಕುರ್ಚಿಯಿಂದ ಏಳಲಿಲ್ಲ. "ಪೂರ್ತಿ ಓದ್ತೀನಿ. ಆಮೇಲೆ ಒಂದು ಪ್ರಶ್ನೆ ಇದೆ. ಎರಡೇ ಗಳಿಗೆ ಯಾಕೆ? ಒಂದು ಯಾಕಾಗಲ್ಲ, ಮೂರು ಯಾಕಲ್ಲ? ಅದನ್ನ ನೀವು ಬರ್ದಿಲ್ಲ. ಬರೀರಿ. ಅದೂ ಅಲ್ದೆ, ನಾಳೆ ಆ ಬೋರ್ಡು ಅಲ್ಲಿಗೆ ತಗೊಂಡ್ಹೋಗಿ, ಪ್ರೆಸ್ಸಿಗೆ ಹಾಕಿ, ಇಕ್ಕಳದಲ್ಲೇ ತಗಡು ತೆಗೀತಾ ಸಾವಿರ ಸಲ ಹೊಡೆದು ನೋಡ್ತೀನಿ. ಆಮೇಲೆ ಒತ್ತೀನಿ. ನಿಮ್ಮ ಮಾತಿನ ಮೇಲೆ ಒತ್ತಲ್ಲ ಮೇಡಂ."

ಲಕ್ಷ್ಮಿದೇವಮ್ಮನ ಮುಖ ಕೆಂಪಾಯಿತು, ಕುತ್ತಿಗೆ ನರ ಎದ್ದಿತು. ಬಿನ್ನಿಪೇಟೆಯ ಆ ಗಂಟಲು ಬಾಯಿವರೆಗೂ ಬಂತು. ಅವರು ಎರಡು ಗಳಿಗೆ ಸುಮ್ಮನಿದ್ದರು. ಆಮೇಲೆ ವಾಪಸು ಹೋಗಿ ಕೂತು, ಎರಡೇ ಯಾಕೆ ಅನ್ನುವುದನ್ನು ಬರೆಯತೊಡಗಿದರು.